ಹುಲ್ಲಕ್ಕ ಬೈಸಿಕೊಂಡದ್ದು

ಆ ಬೇಸಗೆಯಲ್ಲಿ ಹುಲ್ಲಕ್ಕ ಮೂವತ್ತೆಂಟು ವರ್ಷದ ಹುಲ್ಲನ್ನು ಮೂರೇ ದಿನದಲ್ಲಿ ಕೊಂದಳು. ಬೇಕೆಂದು ಕೊಂದದ್ದಲ್ಲ. ಪಾಪ ಅನ್ನಿಸಿ ನೀರು ಹಾಕಿದ್ದಳು, ಅಷ್ಟೇ.

ಹುಲ್ಲಕ್ಕ ಚೆಂಡಿನ ಕ್ಲಬ್ಬಿನ ಅಂಗಳ ನೋಡಿಕೊಳ್ಳುವವಳು. ಅಂಗೈ ತುಂಬುವ ಕರಿ ಚೆಂಡುಗಳನ್ನು ಹುಲ್ಲಿನ ಮೇಲೆ ಉರುಳಿಸಿ, ಆಚೆ ತುದಿಯಲ್ಲಿಟ್ಟ ಪುಟ್ಟ ಬಿಳಿ ಚೆಂಡಿನ ಹತ್ತಿರಕ್ಕೆ ಯಾರದು ಹೋಗಿ ನಿಲ್ಲುತ್ತದೆ ಎಂದು ನೋಡುವ ಆಟ ಅದು. ವಯಸ್ಸಾದವರ ಆಟ. ಓಡುವುದಿಲ್ಲ, ಕೂಗುವುದಿಲ್ಲ. ಆದರೆ ಅಂಗಳ ಮಾತ್ರ ಇಸ್ತ್ರಿ ಹಾಕಿದ ಬಟ್ಟೆಯಂತಿರಬೇಕು. ಒಂದು ಎಸಳು ಅತ್ತ ಇತ್ತ ಬಾಗಿದರೂ ಚೆಂಡು ದಾರಿ ತಪ್ಪುತ್ತದೆ. ಐವತ್ತು ಹೆಜ್ಜೆ ಉದ್ದ, ಐವತ್ತು ಹೆಜ್ಜೆ ಅಗಲದ ಆ ಚೌಕಕ್ಕೆ ಹುಲ್ಲು ಬಿತ್ತಿದವನು ಅವಳ ಅಪ್ಪ. ಆಗ ಅವಳಿಗೆ ಹತ್ತು ವರ್ಷ. ಮುಂದೆ ಅವಳ ಮದುವೆ ಎರಡು ವರ್ಷ ನಡೆದು ನಿಂತಿತು, ಅವಳು ವಾಪಸ್ಸು ಬಂದಳು, ಅಪ್ಪನ ಜೊತೆ ಹುಲ್ಲು ಕತ್ತರಿಸುವ ಯಂತ್ರ ತಳ್ಳುವುದನ್ನು ಕಲಿತಳು. ಅಪ್ಪ ಹೋಗಿ ಆರು ವರ್ಷವಾಯಿತು. ಕ್ಲಬ್ಬಿನ ಹಿಂದಿನ ಎರಡು ಕೋಣೆಗಳಲ್ಲಿ ಈಗ ಅವಳೊಬ್ಬಳೇ. ಒಂದರಲ್ಲಿ ಮಂಚ, ಒಲೆ, ಮೇಜು. ಇನ್ನೊಂದರಲ್ಲಿ ಕತ್ತರಿಸುವ ಯಂತ್ರ, ಗೊಬ್ಬರದ ಚೀಲ, ಮರಳು, ಉದ್ದ ಬಿದಿರಿನ ಗಳ. ಎರಡೂ ಕೋಣೆಗೆ ಒಂದೇ ವಾಸನೆ, ಕತ್ತರಿಸಿದ ಹುಲ್ಲಿನದು. ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಹುಲ್ಲಕ್ಕ ಎಂಬ ಹೆಸರಿಟ್ಟದ್ದು ಸದಸ್ಯರು. ತಮಾಷೆಗೆ ಇಟ್ಟದ್ದು ಹಾಗೇ ಉಳಿಯಿತು.

ಆ ಹುಲ್ಲು ತಂಪಿನ ಜಾತಿಯದು. ಬೇಸಗೆ ಇಳಿದ ಮೇಲೆ ಮತ್ತು ಚಳಿ ಬಿಟ್ಟ ಮೇಲೆ, ವರ್ಷಕ್ಕೆ ಎರಡು ಸಲ, ಹಸಿದವರ ಹಾಗೆ ಬೆಳೆಯುತ್ತದೆ. ಚಳಿಯಲ್ಲಿ ಮುದುಡಿಕೊಂಡರೂ ಬಣ್ಣ ಬಿಡುವುದಿಲ್ಲ. ಬೇಸಗೆ ಬಂತೆಂದರೆ ಮಾತ್ರ ಅದಕ್ಕೆ ಸಂಕಟ.

“ಬೇಸಗೇಲಿ ಇದಕ್ಕೆ ಏನೂ ಮಾಡೋಕೆ ಹೋಗ್ಬೇಡ,” ಎನ್ನುತ್ತಿದ್ದ ಅಪ್ಪ. “ಜ್ವರ ಬಂದೋರನ್ನ ಮಲಗೋಕೆ ಬಿಡ್ತೀವಲ್ಲ, ಹಾಗೆ ಬಿಟ್ಬಿಡು. ಗೊಬ್ಬರ ಬೇಡ, ತೀರಾ ಗಿಡ್ಡ ಕತ್ತರಿಸೋದು ಬೇಡ. ನೀರು ಬೆಳಗ್ಗೆ, ಬಿಸಿಲು ಏರೋಕೆ ಮುಂಚೆ. ಸಾಯಂಕಾಲ ಮಾತ್ರ ಖಂಡಿತ ಬೇಡ. ಒದ್ದೆ ಮೈಲಿ ರಾತ್ರಿ ಕಳೆದ್ರೆ ಇದು ಉಳಿಯಲ್ಲ.”

ಇಪ್ಪತ್ತೆರಡು ವರ್ಷ ಅವಳು ಇದನ್ನು ತಪ್ಪಿಸಿರಲಿಲ್ಲ.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಭೂಗೋಳದ ಮೇಷ್ಟ್ರು ತೀರಿಕೊಂಡರು. ಒಂದು ಕಾಲದಲ್ಲಿ ಎಂಬತ್ತು ಹೆಸರುಗಳಿದ್ದ ಕ್ಲಬ್ಬಿನ ಹಲಗೆಯ ಮೇಲೆ ಉಳಿದಿದ್ದದ್ದು ಮೂರು: ಅಧ್ಯಕ್ಷರಾದ ಹಲ್ಲಿನ ಡಾಕ್ಟರು, ಗಡಿಯಾರ ರಿಪೇರಿಯವರು, ಈ ಮೇಷ್ಟ್ರು. ಡಾಕ್ಟರು ಮಗಳ ಮನೆ ಸೇರಿ ಎರಡು ವರ್ಷವಾಗಿತ್ತು. ಗಡಿಯಾರದವರಿಗೆ ಮಂಡಿ ನೋವು. ತಪ್ಪದೆ ಬರುತ್ತಿದ್ದವರು ಮೇಷ್ಟ್ರೊಬ್ಬರೇ, ಭಾನುವಾರ ಹತ್ತಕ್ಕೆ, ಕಾಲರ್ ಇರುವ ಬಿಳಿ ಅಂಗಿ ಹಾಕಿಕೊಂಡು. ಅವರು ಹೋದ ಮೇಲೆ ಭಾನುವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸ ಇಲ್ಲದಂತಾಯಿತು. ಆದರೂ ಹುಲ್ಲಕ್ಕ ವಾರಕ್ಕೆ ನಾಲ್ಕು ದಿನ ಕತ್ತರಿಸಿದಳು, ಬೆಳಗ್ಗೆ ಗಳದಿಂದ ಇಬ್ಬನಿ ಕೊಡವಿದಳು, ಅಂಚನ್ನು ದಾರ ಕಟ್ಟಿ ನೇರ ಮಾಡಿದಳು. ಅಂಗಳ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿತ್ತು, ಯಾಕೆಂದರೆ ಅದನ್ನು ತುಳಿಯುವವರೇ ಇರಲಿಲ್ಲ. ಕೆಲವು ದಿನ ಸಂಜೆ ಹೊತ್ತಿಗೆ ಅವಳಿಗೆ ಹೊಳೆಯುತ್ತಿತ್ತು: ಬೆಳಗ್ಗೆಯಿಂದ ತಾನು ಒಂದು ಮಾತೂ ಆಡಿಲ್ಲ. ಆಗ ಸುಮ್ಮನೆ ಕೆಮ್ಮಿ, ಗಂಟಲು ಇದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದಳು.

ಆಮೇಲೆ ಸೆಕೆ ಬಂತು. ಗಾಳಿ ಅಲ್ಲಾಡುತ್ತಿರಲಿಲ್ಲ. ಹಗಲಿನ ಕಾವು ರಾತ್ರಿಯೂ ಇಳಿಯುತ್ತಿರಲಿಲ್ಲ. ಎಂಟನೇ ದಿನದ ಹೊತ್ತಿಗೆ ಹುಲ್ಲು ಬೂದಿ ಬಣ್ಣಕ್ಕೆ ತಿರುಗಿ, ನಡೆದರೆ ಹೆಜ್ಜೆಯ ಗುರುತು ಮೇಲೇಳದೆ ಹಾಗೇ ಉಳಿಯತೊಡಗಿತು. ಬಾಯಾರಿದ ಹುಲ್ಲಿನ ಲಕ್ಷಣ ಅದು. ಬೆಳಗ್ಗೆಯವರೆಗೆ ಕಾದಿದ್ದರೆ ಆಗುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋದಳು, ಮತ್ತೆ ಬಂದು ನೋಡಿದಳು. ಬಾಯಿ ಬಿಟ್ಟು ಕೇಳದ ಪ್ರಾಣಿಯೊಂದು ಎದುರಿಗೆ ಬಿದ್ದಿದ್ದಂತೆ ಕಂಡಿತು. ನಲ್ಲಿ ತಿರುಗಿಸಿದಳು. ಮರುದಿನ ಸಂಜೆಯೂ ತಿರುಗಿಸಿದಳು. ಹಿಡಿ ಗೊಬ್ಬರವನ್ನೂ ನೀರಲ್ಲಿ ಕರಗಿಸಿ ಕೊಟ್ಟಳು, ಶಕ್ತಿ ಬರಲಿ ಎಂದು.

ಮೂರನೇ ದಿನ ಬೆಳಗ್ಗೆ ಕತ್ತರಿಸುವ ಯಂತ್ರ ತೆಗೆದುಕೊಂಡು ಅಡ್ಡ ಉದ್ದ ಎರಡು ಸುತ್ತು ಹೊಡೆದಳು. ಯಂತ್ರ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿದಾಗ ಕಂಡದ್ದು, ಮೂಲೆಯಲ್ಲಿ ತಟ್ಟೆಯಗಲದ ನಾಲ್ಕೈದು ಮಚ್ಚೆ. ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಬಗ್ಗಿ ನೋಡಿದಳು. ಎಸಳುಗಳ ನಡುವೆ ಜೇಡನ ಬಲೆಗಿಂತ ತೆಳುವಾದ ಬಿಳಿ ಎಳೆಗಳು. ಬೆರಳಿಂದ ಮುಟ್ಟಿದರೆ ಎಸಳು ಬೇರಿನಿಂದಲೇ ಕಳಚಿ ಬಂತು.

ಬೂಷ್ಟು ಹತ್ತಿತ್ತು. ಅದಕ್ಕೆ ಸೆಕೆ ಬೇಕು, ಒದ್ದೆ ಬೇಕು, ತಿನ್ನಲು ಮೆತ್ತಗಿನ ಹೊಸ ಚಿಗುರು ಬೇಕು. ಮೂರನ್ನೂ ಅವಳೇ ಬಡಿಸಿದ್ದಳು. ಸಾಲದ್ದಕ್ಕೆ ಈಗ ಯಂತ್ರದ ಉರುಳೆಗೆ ಅಂಟಿಸಿಕೊಂಡು ಅಂಗಳದ ಉದ್ದಗಲಕ್ಕೂ ಹಂಚಿ ಬಂದಿದ್ದಳು. ಔಷಧಿ ಸಿಗುವ ಅಂಗಡಿ ಊರಿನ ಇನ್ನೊಂದು ತುದಿಯಲ್ಲಿತ್ತು. ಎರಡು ಬಸ್ಸು ಬದಲಾಯಿಸಿ ಹೋಗಿ ತರುವಷ್ಟರಲ್ಲಿ ಮಧ್ಯಾಹ್ನ. ಸಿಂಪಡಿಸಿದಳು. ಮರುದಿನಕ್ಕೆ ಅಂಗಳ ಪಟ್ಟೆ ಪಟ್ಟೆಯಾಗಿ ಕಂದಿತು. ಯಂತ್ರ ಹೋದ ದಾರಿಯೆಲ್ಲ ಗೆರೆ ಎಳೆದಂತೆ ಸತ್ತಿತ್ತು. ಅದರ ಮಾರನೆಯ ದಿನ ಗೆರೆಗಳ ನಡುವಿನ ಹಸಿರೂ ಹೋಯಿತು.

ಗೇಟಿಗೆ ‘ಅಂಗಳ ಮುಚ್ಚಿದೆ’ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದಳು. ನಾಲ್ಕು ದಿನ ಅದನ್ನು ಯಾರೂ ಓದಲಿಲ್ಲ.

ಭಾನುವಾರ ತಮ್ಮ ಫೋನು ಮಾಡಿದ. ಅವನು ದೂರದ ಊರಿನಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುವವನು, ವಾರಕ್ಕೊಮ್ಮೆ ತಪ್ಪದೆ ಮಾತಾಡಿಸುವವನು. ಅವಳು ಹೇಳಿದಳು.

“ಅಯ್ಯೋ, ಅದಕ್ಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ ಅಕ್ಕಾ,” ಎಂದ. “ಈಗ ಪ್ಲಾಸ್ಟಿಕ್ ಹುಲ್ಲು ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ. ನೀರು ಬೇಡ, ಗೊಬ್ಬರ ಬೇಡ, ಕತ್ತರಿಸೋದೂ ಬೇಡ.”

“ಆಮೇಲೆ ನಾನೂ ಬೇಡ.”

“ನಾನು ಹಾಗೆ ಹೇಳಿದ್ನಾ?”

“ಇಲ್ಲಪ್ಪ, ನೀನು ಹೇಳ್ಲಿಲ್ಲ.”

ತಪ್ಪು ಮಾಡಿದವಳು ಯಾರಿಗಾದರೂ ಒಪ್ಪಿಸಬೇಕಲ್ಲ. ಸೋಮವಾರ ಒಳ್ಳೆಯ ಬಟ್ಟೆ ಹಾಕಿಕೊಂಡು ಅಧ್ಯಕ್ಷರ ಮಗಳ ಮನೆಗೆ ಹೋದಳು. ಹಲ್ಲಿನ ಡಾಕ್ಟರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು, ಆ ಸೆಕೆಯಲ್ಲೂ ಮೈಮೇಲೆ ಬೂದು ಶಾಲು. ಅವಳನ್ನು ನೋಡಿ ಮುಖ ಅರಳಿತು. ಗುರುತು ಸಿಕ್ಕಿತೆಂದು ಅವಳಿಗೆ ಸಂತೋಷವಾಯಿತು.

“ಡಾಕ್ಟ್ರೇ, ನನ್ನಿಂದ ಒಂದು ತಪ್ಪಾಗಿದೆ.”

“ಕೂತ್ಕೊಮ್ಮ. ಬಾಯಿ ತೆಗಿ.”

ಅವಳು ಮಗಳ ಕಡೆ ನೋಡಿದಳು. ಮಗಳು ಕಣ್ಣಲ್ಲೇ, ಹೇಳಿದ ಹಾಗೆ ಮಾಡಿ ಎಂದು ಬೇಡಿಕೊಂಡಳು. ಹುಲ್ಲಕ್ಕ ಬಾಯಿ ತೆಗೆದಳು. ಅವರು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ತುಂಬಾ ಹೊತ್ತು ನೋಡಿದರು. ಅವರ ಕೈ ಹಗುರವಾಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ಯಾರಾದರೂ ಅವಳ ಮುಖ ಮುಟ್ಟಿ ಎಷ್ಟು ವರ್ಷವಾಗಿತ್ತೋ.

“ಹಿಂದಿನ ಹಲ್ಲು ಒಂದು ಕೆಟ್ಟಿದೆ. ನೋವು ಎಷ್ಟು ದಿನದಿಂದ?”

“ಒಂದು ವಾರದಿಂದ.”

“ಮೊದ್ಲೇ ಬರೋಕೇನಾಗಿತ್ತು?” ಎಂದು ಅವರು ಗದರಿದರು. ಆದರೆ ಅದು ಹಲ್ಲಿಗೆ ಸಂಬಂಧಪಟ್ಟದ್ದು.

ಗಡಿಯಾರದವರ ಅಂಗಡಿ ಬಸ್‌ನಿಲ್ದಾಣದ ಮೆಟ್ಟಿಲ ಕೆಳಗಿನ ಗೂಡು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಅವಳ ಮಾತು ಕೇಳಿಸಿಕೊಂಡರು.

“ಎಲ್ಲಾ ಹೋಯ್ತಾ?”

“ಎಲ್ಲಾ ಹೋಯ್ತು ಸಾರ್. ನಾನೇ ಸಾಯಂಕಾಲ ನೀರು ಬಿಟ್ಟೆ. ಗೊತ್ತಿದ್ದೂ ಬಿಟ್ಟೆ.”

“ಹೋಗ್ಲಿ ಬಿಡಮ್ಮ.” ಚಿಮಟದಲ್ಲಿ ಒಂದು ಪುಟ್ಟ ಚಕ್ರ ಎತ್ತಿ ಬಟ್ಟಲಿಗೆ ಹಾಕಿದರು. “ಈಗ ಯಾರು ಆಡೋರಿದಾರೆ? ನನಗೆ ಈ ಮೆಟ್ಟಿಲು ಹತ್ತೋದೇ ಒಂದು ಆಟ. ನಿನಗೂ ಒಂದು ಕೆಲಸ ಕಮ್ಮಿ ಆಯ್ತು ಅಂದ್ಕೋ.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳು ತಲೆಯಾಡಿಸಿ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಗೋಡೆಯ ತುಂಬ ಗಡಿಯಾರಗಳು ಒಂದೊಂದು ಹೊತ್ತು ತೋರಿಸುತ್ತಿದ್ದವು. ಅವರು ಮತ್ತೆ ತಲೆ ಎತ್ತಲಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕೆಲಸದಿಂದ ತೆಗೆದಿದ್ದರೂ ಸರಿ, ತಪ್ಪಿಗೊಂದು ಅಳತೆ ಸಿಕ್ಕಂತಾಗುತ್ತಿತ್ತು. ಹೋಗ್ಲಿ ಬಿಡು ಎಂಬ ಮಾತು ಮಾತ್ರ ಅವಳನ್ನು ಹಣ್ಣು ಮಾಡಿತು. ಅಪ್ಪನ ಹದಿನಾರು ವರ್ಷ, ತನ್ನ ಇಪ್ಪತ್ತೆರಡು ವರ್ಷ, ಒಟ್ಟಿಗೆ ಹೋಗಲಿ ಬಿಡು. ಎರಡು ದಿನ ಅವಳು ಒಲೆ ಹಚ್ಚಲಿಲ್ಲ, ಒಣ ರೊಟ್ಟಿ ತಿಂದು ಮಲಗಿದಳು. ಮೂರನೇ ದಿನ ಹಲಗೆಯ ಮುಂದೆ ನಿಂತಾಗ ಮೂರನೇ ಹೆಸರು ಕಂಡಿತು. ಮೇಷ್ಟ್ರ ಹೆಸರನ್ನು ಅಳಿಸುವವರು ಯಾರೂ ಇರಲಿಲ್ಲ, ಹಾಗಾಗಿ ಅದು ಅಲ್ಲೇ ಇತ್ತು.

ಮೇಷ್ಟ್ರ ಹೆಂಡತಿ ಟೈಲರಮ್ಮ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ, ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ತೂಗುಹಾಕಿದ ಅರ್ಧ ಹೊಲಿದ ಕೋಟುಗಳು. ಎಪ್ಪತ್ತರ ಹತ್ತಿರದ ಹೆಂಗಸು, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವಷ್ಟು ಪಳಗಿದವರು. ಕ್ಲಬ್ಬಿನ ಕಡೆ ಅವರು ಒಮ್ಮೆಯೂ ತಲೆ ಹಾಕಿರಲಿಲ್ಲ.

“ಏನಮ್ಮ, ಯಾರು ಸತ್ರು? ಮುಖ ಹಾಗಿದೆ.”

“ಹುಲ್ಲು, ಅಮ್ಮಾ.”

“ಯಾವ ಹುಲ್ಲು?”

“ಮೇಷ್ಟ್ರು ಆಡ್ತಿದ್ರಲ್ಲ, ಆ ಅಂಗಳದ್ದು. ಪೂರ್ತಿ. ನಾನೇ ಸಾಯಿಸಿದೆ.”

ಟೈಲರಮ್ಮ ಯಂತ್ರ ನಿಲ್ಲಿಸಿದರು. ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು. ಹೇಗೆ, ಯಾವಾಗ, ಯಾಕೆ ಎಂದು ಬಿಡಿಸಿ ಬಿಡಿಸಿ ಕೇಳಿದರು. ಅಪ್ಪ ಹೇಳಿದ್ದ ಮಾತು, ಸಾಯಂಕಾಲದ ನೀರು, ಗೊಬ್ಬರ, ಯಂತ್ರ, ಒಂದನ್ನೂ ಬಿಡದೆ ಅವಳು ಹೇಳಿದಳು.

“ನಿನಗೆ ಬುದ್ಧಿ ಇದೆಯಾ?” ಎಂದರು ಟೈಲರಮ್ಮ. ದನಿ ಏರಿಸಲಿಲ್ಲ, ಆದರೆ ಪಕ್ಕದ ಮನೆಗೆ ಕೇಳಿಸುವಷ್ಟಿತ್ತು. “ಇಪ್ಪತ್ತು ವರ್ಷದ ಮೇಲೆ ಆಯ್ತು ನೀನು ಆ ಕೆಲಸ ಮಾಡೋಕೆ ಹಿಡಿದು. ನಿಮ್ಮಪ್ಪ ಬಾಯಿ ಬಿಟ್ಟು ಹೇಳಿದ್ದಾನೆ, ಬೇಡ ಅಂತ. ಆದ್ರೂ ನೀರು ಬಿಟ್ಟೆ. ಒಂದು ದಿನ ಅಲ್ಲ, ಎರಡು ದಿನ. ಕತ್ತರಿಸೋಕೆ ಮುಂಚೆ ಒಂದು ಸಲ ಬಗ್ಗಿ ನೋಡಿದ್ಯಾ? ನೋಡ್ಲಿಲ್ಲ. ನಾನು ಬಟ್ಟೆಗೆ ಕತ್ತರಿ ಇಡೋಕೆ ಮುಂಚೆ ಮೂರು ಸಲ ನೋಡ್ತೀನಿ, ಅದು ಬರೀ ಬಟ್ಟೆ. ನನ್ನ ಭಾನುವಾರಗಳನ್ನೆಲ್ಲ ತಿಂದ ಹುಲ್ಲು ಅದು. ಮೂವತ್ತು ವರ್ಷ ತಿಂತು. ಸವತಿ ಇದ್ದಿದ್ರೆ ಜಗಳನಾದ್ರೂ ಆಡಬಹುದಿತ್ತು. ಹೋಗ್ಲಿ, ಅಲ್ಲಿ ಹುಲ್ಲಾದ್ರೂ ಚೆನ್ನಾಗಿದೆ, ಆ ಮನುಷ್ಯ ಇಷ್ಟಪಟ್ಟಿದ್ದೊಂದು ನೆಟ್ಟಗಿದೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಅದನ್ನೂ ಮುಗಿಸಿ ಬಂದು ಇಲ್ಲಿ ನಿಂತಿದ್ದೀಯ, ಕೈ ಕಟ್ಕೊಂಡು.”

ಹೀಗೆ ಇನ್ನೂ ಹತ್ತು ನಿಮಿಷ ನಡೆಯಿತು. ಬಟ್ಟೆ ಕೊಡಲು ಬಂದ ಒಬ್ಬರು ಬಾಗಿಲಲ್ಲೇ ನಿಂತು ವಾಪಸ್ಸು ಹೋದರು. ಹುಲ್ಲಕ್ಕ ತಲೆ ತಗ್ಗಿಸಿ ನಿಂತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಹೆಗಲ ಮೇಲಿಂದ ಏನೋ ಇಳಿಯುತ್ತಲೂ ಇತ್ತು.

“ಈಗೇನ್ ಮಾಡ್ತೀಯ?” ಎಂದರು ಕೊನೆಗೆ.

“ಗೊತ್ತಿಲ್ಲ ಅಮ್ಮ.”

“ಗೊತ್ತಿಲ್ದೆ ಏನು. ಹರಿದಿದ್ದನ್ನ ಹೊಲೀಬೇಕು. ಹೇಗೆ ಹೊಲೀತಾರೆ ಹುಲ್ಲನ್ನ, ಹೇಳು.”

ಬಿಸಿಲಿಳಿಯಲು ಇನ್ನೂ ಒಂದೂವರೆ ತಿಂಗಳಿತ್ತು. ಈ ಜಾತಿಯ ಬೀಜವನ್ನು ಕಾದ ಮಣ್ಣಿಗೆ ಹಾಕಿದರೆ ಹುಟ್ಟಿದ ವಾರದಲ್ಲೇ ಸುಟ್ಟುಹೋಗುತ್ತದೆ. ರಾತ್ರಿ ತಂಪಾಗಬೇಕು, ಮಣ್ಣು ಮಾತ್ರ ಒಂದಿಷ್ಟು ಬೆಚ್ಚಗೆ ಉಳಿದಿರಬೇಕು. ಅಷ್ಟರವರೆಗೆ ಹುಲ್ಲಕ್ಕ ಸತ್ತದ್ದನ್ನು ಕೆರೆದು ತೆಗೆದಳು. ಹಲ್ಲುಕುಂಟೆಯಿಂದ ಒಂದೊಂದು ಅಡಿ ಎಳೆದರೆ ಒಂದೊಂದು ಬುಟ್ಟಿ ಕಸ, ಮೂವತ್ತೆಂಟು ವರ್ಷದ ಬೇರು, ಕಾಂಡ, ನಾರು. ಕೆಳಗಿನ ಮಣ್ಣು ಚಪ್ಪಡಿಯಂತೆ ಗಟ್ಟಿಯಾಗಿತ್ತು. ಮಣ್ಣು ಚುಚ್ಚುವ, ಟೊಳ್ಳು ಹಲ್ಲಿನ ಫೋರ್ಕನ್ನು ಕಾಲಿಂದ ಒತ್ತಿ, ಬೆರಳಗಾತ್ರದ ರಂಧ್ರಗಳನ್ನು ಮಾಡುತ್ತ ಹೋದಳು. ದಿನಕ್ಕೆ ನಾಲ್ಕು ಸಾಲು ಮುಗಿಯುತ್ತಿತ್ತು. ರಂಧ್ರದೊಳಕ್ಕೆ ಮರಳು ಗುಡಿಸಿದಳು.

ಟೈಲರಮ್ಮ ಬುಧವಾರ ಮತ್ತು ಶನಿವಾರ ಬರತೊಡಗಿದರು. ಮೊದಲ ದಿನ ಗೇಟಿನೊಳಗೆ ಕಾಲಿಟ್ಟು, ಆ ಬರೀ ಮಣ್ಣಿನ ಚೌಕವನ್ನು ನೋಡಿ, “ಇಷ್ಟೇನಾ?” ಎಂದರು. “ನಾನು ಇದಕ್ಕಿಂತ ದೊಡ್ಡದಿರಬಹುದು ಅಂದ್ಕೊಂಡಿದ್ದೆ.” ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮರಳು ಗುಡಿಸಲು ನಿಂತರು.

ಬಿತ್ತುವ ದಿನ ಅವರ ಕಸುಬು ಕೆಲಸಕ್ಕೆ ಬಂತು. ಈ ಬೀಜ ಧೂಳಿನಷ್ಟು ಸಣ್ಣದು, ಉಸಿರು ಬಿಟ್ಟರೆ ಹಾರುತ್ತದೆ. ಒಣ ಮರಳಿನ ಜೊತೆ ಬೆರೆಸಿ ಚೆಲ್ಲಬೇಕು. ಹಾಗೆ ಚೆಲ್ಲಿದರೂ ಒಂದು ಕಡೆ ದಟ್ಟ ಒಂದು ಕಡೆ ತೆಳು ಆಗುವುದು ಸಹಜ. ಟೈಲರಮ್ಮ ಸೀಮೆಸುಣ್ಣ ಸವರಿದ ದಾರ ಎಳೆದು ಅಂಗಳವನ್ನು ಇಪ್ಪತ್ತೈದು ಚೌಕ ಮಾಡಿದರು. ಬೀಜವನ್ನು ತೂಗಿ, ಚೌಕಕ್ಕೆ ಎರಡರಂತೆ ಐವತ್ತು ಪೊಟ್ಟಣ ಕಟ್ಟಿದರು. ಒಂದು ಪೊಟ್ಟಣ ಉದ್ದಕ್ಕೆ ನಡೆಯುತ್ತ, ಇನ್ನೊಂದು ಅಡ್ಡಕ್ಕೆ ನಡೆಯುತ್ತ. ಅಪ್ಪನೂ ಇಷ್ಟು ಅಚ್ಚುಕಟ್ಟಾಗಿ ಬಿತ್ತಿರಲಿಲ್ಲ. ಕೊನೆಗೆ ಹುಲ್ಲಕ್ಕ ಹಗುರ ಉರುಳೆ ಎಳೆದು, ಮಂಜಿನಂತೆ ಸಣ್ಣಗೆ ನೀರು ಹಿಡಿದಳು. ಇಬ್ಬರೂ ಬೆಂಚಿನ ಮೇಲೆ ಕೂತು ಚಹಾ ಕುಡಿದರು.

“ಅವರು ಎಲ್ಲಿ ನಿಂತು ಆಡ್ತಿದ್ರು?” ಎಂದು ಟೈಲರಮ್ಮ ಕೇಳಿದರು.

ಹುಲ್ಲಕ್ಕ ತೋರಿಸಿದಳು.

“ಪ್ರತಿ ಭಾನುವಾರ ಬಂದು, ಇವತ್ತೂ ಗೆದ್ದೆ ಕಣೇ ಅಂತಿದ್ರು. ಇಷ್ಟು ಸೋಲೋರು ಯಾರಪ್ಪ ಇದಾರೆ ಅಂತ ನಾನು ನಗ್ತಿದ್ದೆ. ಹೋಗೋ ಹಿಂದಿನ ವಾರನೂ ಗೆದ್ದಿದ್ರು.”

ಇಲ್ಲಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ತಿಂಗಳುಗಟ್ಟಲೆ ಮಾತಿಲ್ಲದೆ ಇದ್ದವಳಿಗೆ ಮಾತು ಸಿಕ್ಕಿತ್ತು. ತನ್ನ ತಪ್ಪನ್ನೆಲ್ಲ ತಾನು ಹೇಳಿಕೊಂಡ ಈ ಹೆಂಗಸಿಗೆ ಸುಳ್ಳು ಹೇಳಬಾರದು ಎಂದೂ ಅನ್ನಿಸಿತು.

“ಅವರು ಎರಡು ವರ್ಷದಿಂದ ಆಡಿರ್ಲಿಲ್ಲ, ಅಮ್ಮ.”

“ಏನಂದೆ?”

“ಕೈ ನಡುಗ್ತಿತ್ತು. ಚೆಂಡು ಹಿಡಿಯೋಕೆ ಆಗ್ತಿರ್ಲಿಲ್ಲ. ಹತ್ತು ಗಂಟೆಗೆ ಬರೋರು, ಇದೇ ಬೆಂಚಲ್ಲಿ ಕೂರೋರು. ಒಂದು ಗಂಟೆಗೆ ಹೋಗೋರು. ಮನೇಲಿ ಹೇಳ್ಬೇಡ ಅಂದಿದ್ರು.”

ಟೈಲರಮ್ಮ ಲೋಟವನ್ನು ಬೆಂಚಿನ ಮೇಲಿಟ್ಟರು. ತಮ್ಮ ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿದರು.

“ಮನೇಲಿ ಲೋಟ ಎಡಗೈಲಿ ಹಿಡೀತಿದ್ರು,” ಎಂದರು. “ಕೇಳಿದ್ರೆ, ಬಲಗೈ ಚೆಂಡಿಗೆ ಉಳಿಸ್ತಿದ್ದೀನಿ ಅಂದ್ರು. ನಾನು ನಂಬಿದೆ.” ಹುಲ್ಲಕ್ಕನ ಕಡೆ ತಿರುಗಿ, “ನಿನಗೆ ಗೊತ್ತಿತ್ತು,” ಎಂದರು.

“ಹ್ಞೂಂ.”

“ಎರಡು ವರ್ಷ ಗೊತ್ತಿತ್ತು.”

ಅವರು ಎದ್ದು ಸೆರಗು ಬಿಡಿಸಿ, ಕೊಡವಿ, ಗೇಟು ತೆರೆದು ಹೋದರು. ಬುಧವಾರ ಬರಲಿಲ್ಲ. ಶನಿವಾರವೂ ಬರಲಿಲ್ಲ.

ಬಿತ್ತಿದ ಮೇಲೆ ಮಣ್ಣು ಒಂದು ಗಂಟೆಯೂ ಒಣಗಬಾರದು, ಹೊಳೆಯಾಗಿ ಹರಿಯಲೂ ಬಾರದು. ದಿನಕ್ಕೆ ನಾಲ್ಕು ಸಲ, ಸಣ್ಣ ತೂತಿನ ಬಾಯಿ ಹಚ್ಚಿದ ಪೈಪು ಹಿಡಿದು ಹುಲ್ಲಕ್ಕ ಅಂಗಳದ ಸುತ್ತ ನಡೆದಳು. ಗುಬ್ಬಿಗಳು ಬಂದವು, ಓಡಿಸಿದಳು. ಮೂರು ಹೊತ್ತೂ ಬೆಂಚಿನ ಮೇಲೆ ಒಬ್ಬಳೇ ಕೂತು ಉಂಡಳು. ತಾನು ಮಾಡಿದ್ದು ಮತ್ತೆ ಅದೇ ಎಂದು ಅವಳಿಗೆ ಹೊಳೆಯಿತು: ಒಳ್ಳೆಯದಾಗಲಿ ಎಂದು ಹೊತ್ತಲ್ಲದ ಹೊತ್ತಿನಲ್ಲಿ ಸುರಿದುಬಿಡುವುದು. ಕ್ಷಮೆ ಕೇಳಲು ಹೋಗಬೇಕೆಂದುಕೊಂಡಳು. ನೀರು ಹಾಕುವುದನ್ನೇ ನೆಪ ಮಾಡಿಕೊಂಡು ಹೋಗದೆ ಉಳಿದಳು. ನಿಜ ಹೇಳಬೇಕೆಂದರೆ, ಈ ಸಲ ಬೈಸಿಕೊಳ್ಳುವ ಧೈರ್ಯ ಇರಲಿಲ್ಲ.

ಒಂಬತ್ತನೇ ದಿನ ಬೆಳಗ್ಗೆ ಮಣ್ಣಿಗೆ ಕೆನ್ನೆ ತಾಗುವಷ್ಟು ಬಗ್ಗಿ, ಬೆಳಕಿಗೆ ಎದುರಾಗಿ ನೋಡಿದಳು. ಮೇಲಿನಿಂದ ಏನೂ ಇಲ್ಲ. ಅಡ್ಡದಿಂದ ನೋಡಿದರೆ ಮಾತ್ರ, ಮಣ್ಣಿನ ಮೇಲೆ ಒಂದು ಹಸಿರು ಮಬ್ಬು. ಎಸಳೆಂದು ಕರೆಯುವಂತಿರಲಿಲ್ಲ, ಕೂದಲಿಗಿಂತ ತೆಳು. ಅವಳು ಪೂರ್ವದಿಂದ ನೋಡಿದಳು, ಪಶ್ಚಿಮಕ್ಕೆ ಹೋಗಿ ಮಲಗಿ ನೋಡಿದಳು. ಎದ್ದು ನಿಂತಾಗ ಹೇಳಿಕೊಳ್ಳಲು ಯಾರೂ ಇರಲಿಲ್ಲ. ತಮ್ಮನಿಗೆ ಫೋನು ಮಾಡಿದಳು. ಅವನು ಕೆಲಸದಲ್ಲಿದ್ದ, ಎತ್ತಲಿಲ್ಲ. ಆ ಹೊತ್ತಿನಷ್ಟು ಒಬ್ಬಂಟಿತನ ಅಂಗಳ ಸತ್ತ ದಿನವೂ ಅವಳಿಗೆ ಆಗಿರಲಿಲ್ಲ.

ಹತ್ತು ಗಂಟೆಯ ನೀರು ಮುಗಿಸಿ, ಕೈಕಾಲು ತೊಳೆಯದೆಯೇ ಹೊರಟಳು.

ಟೈಲರಮ್ಮ ಕೋಟಿಗೆ ಅಸ್ತರು ಕೂಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಬಂತಾ?”

“ಬಂತು.”

“ಎಲ್ಲಾ ಚೌಕದಲ್ಲೂ?”

“ಗೇಟಿನ ಹತ್ತಿರದ ಒಂದರಲ್ಲಿ ಸ್ವಲ್ಪ ತೆಳು. ಬೇರೆ ಕಡೆ ಒಂದೇ ಸಮ.”

“ಆ ಪೊಟ್ಟಣ ಒಡೆದಿತ್ತು, ನೋಡಿದ್ದೆ.” ಯಂತ್ರ ಒಂದು ಸಾಲು ಓಡಿ ನಿಂತಿತು. “ಕೂತ್ಕೋ. ಅಲ್ಲಿ ಅಲ್ಲ, ಮಣ್ಣು ಮೆತ್ಕೊಂಡಿದ್ದೀಯ. ಆ ಸ್ಟೂಲ್ ಮೇಲೆ.”

ಅವಳು ಕೂತಳು.

“ಅಮ್ಮ, ನಾನು ಆವತ್ತು ಹೇಳ್ಬಾರ್ದಿತ್ತು.”

“ಹೇಳ್ಬೇಕಿತ್ತು. ಎರಡು ವರ್ಷ ಮುಂಚೆ ಹೇಳ್ಬೇಕಿತ್ತು.” ದಾರವನ್ನು ಹಲ್ಲಿನಿಂದ ಕಡಿದರು. “ನಿನ್ನ ಮೇಲೆ ಸಿಟ್ಟಿಲ್ಲ. ಇದೆ, ಇಲ್ಲ ಅಂತ ಅಲ್ಲ. ನಲವತ್ತೆರಡು ವರ್ಷ ಅವರ ಅಂಗಿ ಅಳತೆ ತಗೊಂಡಿದ್ದೀನಿ ನಾನು. ತೋಳು ಹಿಡಿದು ಅಳೆದಿದ್ದೀನಿ. ಆ ಕೈ ನಡುಗೋದು ನನಗೆ ಗೊತ್ತಾಗ್ಲಿಲ್ಲ ಅಂದ್ರೆ ನಾನು ಎಲ್ಲಿ ನೋಡ್ತಿದ್ದೆ ಅಂತ.” ಬಟ್ಟೆಯನ್ನು ತಿರುಗಿಸಿ ಹಾಕಿ ಕೇಳಿದರು, “ಮೂರು ಗಂಟೆ ಹೊತ್ತು ಕೂತು ಏನ್ ಮಾಡ್ತಿದ್ರು?”

ಹುಲ್ಲಕ್ಕ ಯೋಚಿಸಿದಳು. “ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ಹೇಳೋರು. ಒಂದು ದಿನ ಮೋಡಗಳಲ್ಲಿ ಎಷ್ಟು ಥರ ಇದೆ ಅಂತ ಹೇಳಿಕೊಟ್ರು. ನಾನು ಅಂಚು ಕತ್ತರಿಸ್ತಿದ್ರೆ, ಗೆರೆ ಎಡಕ್ಕೆ ಹೋಯ್ತು, ಬಲಕ್ಕೆ ಹೋಯ್ತು ಅನ್ನೋರು.”

“ಪಾಠ ಮಾಡೋ ಚಟ,” ಎಂದರು ಟೈಲರಮ್ಮ. “ಯಾವ ಥರ ಮೋಡ?”

ಅವಳು ನೆನಪಿದ್ದಷ್ಟು ಹೇಳಿದಳು.

ಆಮೇಲೆ ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಹುಲ್ಲಕ್ಕ ಅಂಗಡಿಗೆ ಹೋಗತೊಡಗಿದಳು. ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿದುಕೊಡುತ್ತಿದ್ದಳು. ಮೇಷ್ಟ್ರ ಬಗ್ಗೆ ಹೇಳಲು ಇದ್ದದ್ದು ನಾಲ್ಕೇ ವಾರಕ್ಕೆ ಮುಗಿಯಿತು. ಮುಗಿದ ಮೇಲೂ ಹೋದಳು. ಎಷ್ಟೋ ಸಲ ಇಬ್ಬರೂ ಮಾತಾಡುತ್ತಿರಲಿಲ್ಲ, ಯಂತ್ರದ ಸದ್ದೊಂದೇ. ಐದೂವರೆಗೆ ವಾಪಸ್ಸು ತನ್ನ ಎರಡು ಕೋಣೆಗೆ ಬಂದು ದೀಪ ಹಾಕಿದರೆ ಮುಂದಿನ ಗುರುವಾರದವರೆಗೆ ಮತ್ತೆ ಅದೇ ಮೌನ. ಅದೇನೂ ಕಡಿಮೆಯಾಗಲಿಲ್ಲ. ಆದರೆ ಈಗ ಅದಕ್ಕೆ ಆರು ದಿನವೆಂಬ ಲೆಕ್ಕವಿತ್ತು.

ಹುಲ್ಲು ಬೆರಳ ಗಿಣ್ಣಿನಷ್ಟಾದಾಗ ಯಂತ್ರದ ಅಲಗನ್ನು ಹೊಸದಾಗಿ ಸಾಣೆ ಹಿಡಿಸಿ, ತುದಿ ಮಾತ್ರ ಸವರುವಂತೆ ಮೊದಲ ಸಲ ಕತ್ತರಿಸಿದಳು. ಮೊಂಡಾದರೆ ಎಳೆ ಬೇರು ಕಿತ್ತು ಬರುತ್ತದೆ. ಒಂದೂ ಬರಲಿಲ್ಲ. ಚಳಿ ಬಂತು, ಹುಲ್ಲು ಮಲಗಿತು. ಚಳಿ ಬಿಟ್ಟ ಮೇಲೆ ಎದ್ದು, ಬುಡದಿಂದ ಪಕ್ಕಕ್ಕೆ ಹಬ್ಬಿ, ಚೌಕದ ಗೆರೆಗಳನ್ನೆಲ್ಲ ಮುಚ್ಚಿತು. ವಾರ ವಾರ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಅಕ್ಕಿಕಾಳಿನ ಎತ್ತರಕ್ಕೆ ತಂದಳು. ಇನ್ನು ಆಡಬಹುದು ಎಂದು ಗುರುವಾರ ಟೈಲರಮ್ಮನಿಗೆ ಹೇಳಿದಳು, ಆಡುವವರಿಲ್ಲ ಎಂದು ಗೊತ್ತಿದ್ದೇ ಹೇಳಿದಳು.

ಭಾನುವಾರ ಹತ್ತು ಗಂಟೆಗೆ ಟೈಲರಮ್ಮ ಬಂದರು. ಅಂಚಿನಲ್ಲಿ ನಿಂತು, ಕಣ್ಣು ಕಿರಿದು ಮಾಡಿ ಹೊಲಿಗೆ ನೋಡುವಂತೆ ನೋಡಿದರು. “ಚೆಂಡೆಲ್ಲಿ?” ಎಂದರು.

ಹುಲ್ಲಕ್ಕ ಕಪಾಟಿನಿಂದ ಕ್ಲಬ್ಬಿನ ಹಳೆಯ ಚೆಂಡುಗಳನ್ನು ತಂದಳು. “ಹೇಗೆ ಆಡೋದು, ತೋರ್ಸು,” ಎಂದರು ಟೈಲರಮ್ಮ. ಆಗ ಹುಲ್ಲಕ್ಕ ನಾಚಿಕೊಂಡು ಹೇಳಿದಳು: ತನಗೂ ಗೊತ್ತಿಲ್ಲ. ಕೆಲಸದವರು ಅಂಗಳದಲ್ಲಿ ಆಡಬಾರದೆಂದು ಕ್ಲಬ್ಬಿನ ನಿಯಮ. ಅಪ್ಪನೂ ಆಡಿರಲಿಲ್ಲ, ಅವಳೂ ಆಡಿರಲಿಲ್ಲ.

“ನಿಯಮ ಮಾಡಿದೋರು ಎಲ್ಲಿದಾರೆ?”

“ಒಬ್ರು ಮಗಳ ಮನೇಲಿ ಹಲ್ಲು ನೋಡ್ತಿದಾರೆ.”

ಟೈಲರಮ್ಮ ನಕ್ಕರು. ಹುಲ್ಲಕ್ಕನೂ ನಕ್ಕಳು. ಟೈಲರಮ್ಮ ಚೆಂಡು ಎತ್ತಿಕೊಂಡರು. ಬಗ್ಗಿ ನೆಲಕ್ಕೆ ತಾಗಿಸಿ ಬಿಡಬೇಕಾದ್ದನ್ನು ಸೊಂಟದೆತ್ತರದಿಂದ ಬಿಟ್ಟರು. ಅದು ಧೊಪ್ಪೆಂದು ಬಿದ್ದು, ಓರೆಯಾಗಿ ಉರುಳಿ, ಅಂಗಳದ ಅಂಚಿನ ಚರಂಡಿ ಸೇರಿತು. ಹುಲ್ಲಕ್ಕ ಬಗ್ಗಿ ನೋಡಿದಳು. ಬಿದ್ದ ಜಾಗದಲ್ಲಿ ಹುಲ್ಲು ಗುಳಿ ಬಿದ್ದಿತ್ತು. ಅವಳು ತನ್ನ ಚೆಂಡು ಎತ್ತಿಕೊಂಡಳು. ಎಷ್ಟು ಹಗುರವಾಗಿ ಬಿಡಬೇಕೆಂದು ಇಷ್ಟು ವರ್ಷ ಮೊಣಕಾಲೂರಿ ನೋಡಿದ್ದಳು, ಆದರೂ ಅವಳದೂ ಚರಂಡಿಗೇ ಹೋಯಿತು. ಮಧ್ಯಾಹ್ನ ಒಂದು ಗಂಟೆಯವರೆಗೆ ಆಡಿದರು. ಬಿಳಿ ಚೆಂಡಿನ ಹತ್ತಿರ ಯಾರದೂ ಹೋಗಲಿಲ್ಲ.

“ಮುಂದಿನ ವಾರ ಅಕ್ಕನ ಮನೆಗೆ ಹೋಗ್ತೀನಿ, ಬರೋಕಾಗಲ್ಲ,” ಎಂದರು ಟೈಲರಮ್ಮ ಹೋಗುವಾಗ. “ಅದರ ಮುಂದಿನ ವಾರ ನೋಡೋಣ.”

ಸೋಮವಾರ ಬೆಳಗ್ಗೆ ಹುಲ್ಲಕ್ಕ ಇಬ್ಬನಿ ಕೊಡವಿ, ಸಣ್ಣ ಫೋರ್ಕು ಮತ್ತು ಮರಳಿನ ಡಬ್ಬಿ ಹಿಡಿದು ಅಂಗಳಕ್ಕೆ ಇಳಿದಳು. ಹನ್ನೊಂದು ಗುಳಿಗಳಿದ್ದವು. ಒಂದೊಂದರ ಪಕ್ಕ ಮಂಡಿಯೂರಿ, ಸುತ್ತ ಚುಚ್ಚಿ, ಬೇರು ಕೀಳದಂತೆ ಮಣ್ಣನ್ನು ಮೆಲ್ಲಗೆ ಮೇಲೆತ್ತಿ, ಚಿಟಿಕೆ ಮರಳು ಹಾಕಿ ಅಂಗೈಯಿಂದ ಒತ್ತಿದಳು. ಒಂದಕ್ಕೆ ಕಾಲು ಗಂಟೆ ಹಿಡಿಯಿತು. ಮಧ್ಯಾಹ್ನದವರೆಗೂ ಅದೇ ಕೆಲಸವಾಯಿತು.